ಅಂಗಡಿಯ ಜಿಎಸ್‌ಟಿ ಲೆಕ್ಕ: ಪೆನ್ನು ಹಿಡಿದು ನೀವೇ ಹಾಕಿ ನೋಡಿ

ಜಿಎಸ್‌ಟಿ ನಂಬರ್ ಬೇಕಾ ಬೇಡವಾ ಅಂತ ತೀರ್ಮಾನವಾಗುವುದು ವಹಿವಾಟಿನ ಮೇಲೆ, ಲಾಭದ ಮೇಲಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಗಾಬರಿ ಆಗಿದ್ದು ಇದೇ ಕಾರಣಕ್ಕೆ. ಯುಪಿಐನಲ್ಲಿ ಬಂದ ಹಣ ಲೆಕ್ಕ ಹಾಕಿ ಕಳಿಸಿದ ನೋಟಿಸ್ ಅವು. ಕೆಲವರು ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು. ಅದರಿಂದ ಏನೂ ಪ್ರಯೋಜನವಿಲ್ಲ. ಕ್ಯಾಶ್ ಆದರೂ ಯುಪಿಐ ಆದರೂ ವ್ಯಾಪಾರ ವ್ಯಾಪಾರವೇ, ಎರಡೂ ವಹಿವಾಟಿಗೇ ಸೇರುತ್ತವೆ. ಲೆಕ್ಕ ಗೊತ್ತಿರುವುದೇ ನಿಜವಾದ ರಕ್ಷಣೆ, ಮತ್ತು ಈ ಲೆಕ್ಕ ಖಂಡಿತ ಕಷ್ಟವಲ್ಲ.

ಮೊದಲು ವರ್ಷದ ವಹಿವಾಟು ಕೂಡಿಸಿ

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಷ್ಟು ಮಾರಿದ್ದೀರಿ, ಅಷ್ಟನ್ನೂ ಕೂಡಿಸಿ. ಬರೀ ಸರಕು ಮಾರುವವರಿಗೆ ಮಿತಿ 40 ಲಕ್ಷ ರೂಪಾಯಿ. ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸಬಹುದು, ಆದರೆ ದಿನಕ್ಕೆ ಸುಮಾರು 11 ಸಾವಿರ ವ್ಯಾಪಾರ ಆದರೆ ಸಾಕು, ವರ್ಷ ಮುಗಿಯುವಷ್ಟರಲ್ಲಿ ಮುಟ್ಟಿರುತ್ತದೆ. ಮೆಜೆಸ್ಟಿಕ್ ಕಡೆಯ ಒಂದು ಸಾಧಾರಣ ಕಾಂಡಿಮೆಂಟ್ಸ್ ಅಂಗಡಿಗೆ ಇದು ಜಾಸ್ತಿ ಏನಲ್ಲ ಅಲ್ವಾ? ಹೋಟೆಲ್, ದರ್ಶಿನಿಗಳು ಸೇವೆಯ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಅವರಿಗೆ 20 ಲಕ್ಷವೇ ಮಿತಿ. ಮೊಬೈಲ್ ಮಾರಿ ರಿಪೇರಿಯನ್ನೂ ಮಾಡುವ ಅಂಗಡಿಗೂ ಅಷ್ಟೇ.

ಇಲ್ಲಿ ಮೂರು ವಿಷಯ ಚೆನ್ನಾಗಿ ನೋಡಿಕೊಳ್ಳಬೇಕು. ಒಂದು, ತೆರಿಗೆ ಇಲ್ಲದ ಸರಕಿನ ಮಾರಾಟವೂ ಈ ಮಿತಿಗೆ ಸೇರುತ್ತದೆ. ಹಾಲು 30 ಲಕ್ಷಕ್ಕೆ, ಬಿಸ್ಕತ್ತು ಮತ್ತಿತರ ಸಾಮಾನು 12 ಲಕ್ಷಕ್ಕೆ ಮಾರಿದರೆ ಒಟ್ಟು 42 ಲಕ್ಷ, ನೋಂದಣಿ ಬೇಕೇ ಬೇಕು. ಹಾಲಿಗೆ ತೆರಿಗೆ ಕಟ್ಟುವುದಿಲ್ಲ, ಆದರೆ ಮಿತಿ ದಾಟಿಸುವುದು ಹಾಲೇ! ಬರೀ ಹಾಲು, ಬರೀ ತಾಜಾ ತರಕಾರಿ, ಹೀಗೆ ತೆರಿಗೆ ಇಲ್ಲದ್ದನ್ನೇ ಮಾರುವವರು ಎಷ್ಟು ವ್ಯಾಪಾರ ಮಾಡಿದರೂ ನೋಂದಣಿ ಬೇಕಿಲ್ಲ. ಅಂಥವರು ನೋಟಿಸ್ ಬಂದರೆ ಖರೀದಿಯ ಪುರಾವೆ ಇಟ್ಟು ಉತ್ತರ ಕೊಡಿ, ಸುಮ್ನೆ ಮಾತ್ರ ಕೂರಬೇಡಿ. ಎರಡು, ಒಂದೇ ಪ್ಯಾನ್ ಮೇಲೆ ಎರಡು ಅಂಗಡಿ ಇದ್ದರೆ ಎರಡನ್ನೂ ಕೂಡಿಸಬೇಕು. ಮೂರು, ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ಮಾರಿ ಚೆನ್ನೈ, ಹೈದರಾಬಾದ್‌ಗೆ ಕೊರಿಯರ್ ಮಾಡುವ ಹೆಣ್ಣುಮಕ್ಕಳು ಗಮನಿಸಿ: ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಈ 40 ಲಕ್ಷದ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಮೊದಲ ಸೀರೆಗೇ ನೋಂದಣಿ ಬೇಕು.

ಯುಪಿಐ ಬಗ್ಗೆ ಒಂದು ಮಾತು. ತಮ್ಮ ಕಳಿಸಿದ ಸಾಲ, ಚೀಟಿ ದುಡ್ಡು, ಮಗಳ ಫೀಸಿಗೆ ಅಂತ ಬಂದದ್ದು, ಎಲ್ಲಾ ಅಂಗಡಿಯ ಕ್ಯೂಆರ್‌ಗೇ ಬಂದರೆ ಹೊರಗಿನವರಿಗೆ ಅದೂ ವ್ಯಾಪಾರದ ಹಾಗೇ ಕಾಣುತ್ತದೆ. ಅಂಗಡಿಗೆ ಒಂದು ಕರೆಂಟ್ ಅಕೌಂಟ್, ಮನೆಗೆ ಬೇರೆ ಅಕೌಂಟ್ ಇಡಿ. ಇದನ್ನು ಇವತ್ತೇ ಮಾಡಿ.

ರೆಗ್ಯುಲರ್ರೋ ಕಾಂಪೋಸಿಷನ್ನೋ?

ನೋಂದಣಿ gst.gov.in ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲೇ ಆಗುತ್ತದೆ. ಸರ್ಕಾರಕ್ಕೆ ಇದಕ್ಕೆ ಫೀಸ್ ಇಲ್ಲ. ಪ್ಯಾನ್, ಆಧಾರ್, ಫೋಟೊ, ಬಾಡಿಗೆ ಕರಾರು, ಬೆಸ್ಕಾಂ ಬಿಲ್, ಬ್ಯಾಂಕ್ ವಿವರ ಸಿದ್ಧ ಮಾಡಿಕೊಳ್ಳಿ. ಸಿಗುವ ನಂಬರ್‌ನಲ್ಲಿ 15 ಅಕ್ಷರ-ಅಂಕಿ ಇರುತ್ತವೆ. ಕರ್ನಾಟಕದ್ದಾದರೆ 29ರಿಂದ ಶುರು, ಆಮೇಲೆ ನಿಮ್ಮ ಪ್ಯಾನ್.

ರೆಗ್ಯುಲರ್ ಅಂದರೆ ಗಿರಾಕಿಯಿಂದ ತೆರಿಗೆ ತೆಗೆದುಕೊಂಡು, ಅದರಲ್ಲಿ ಖರೀದಿಗೆ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು ಕಟ್ಟುವ ದಾರಿ. ಕಾಂಪೋಸಿಷನ್ ಅಂದರೆ ಸರಳ ದಾರಿ. ವರ್ಷಕ್ಕೆ 1.5 ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿಗಳು ಶೇ 1, ಮದ್ಯ ಕೊಡದ ಹೋಟೆಲ್‌ನವರು ಶೇ 5, ತಮ್ಮ ಮಾರಾಟದ ಮೇಲೆ ಕಟ್ಟಿದರೆ ಮುಗಿಯಿತು. ಆದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಇಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ.

ಯಾವುದು ಲಾಭ ಅಂತ ಬಾಯಿಮಾತಿನಲ್ಲಿ ಹೇಳಲಾಗದು, ಲೆಕ್ಕ ಹಾಕೋಣ. ಚಿಕ್ಕಪೇಟೆಯಲ್ಲಿ ಹೋಲ್‌ಸೇಲ್ ತಂದು ಮಲ್ಲೇಶ್ವರದಲ್ಲಿ ಮಾರುವ ಬಟ್ಟೆ ಅಂಗಡಿ ಅಂದುಕೊಳ್ಳಿ. 2,500 ರೂಪಾಯಿವರೆಗಿನ ಉಡುಪಿಗೆ ಶೇ 5. ತಿಂಗಳಲ್ಲಿ 2,00,000ದ ಸರಕು ತಂದರು, ತೆರಿಗೆ 10,000 ಕೊಟ್ಟರು. ಅದನ್ನು 2,80,000ಕ್ಕೆ ಮಾರಿ, ಮೇಲೆ 14,000 ತೆರಿಗೆ ತೆಗೆದುಕೊಂಡರು. ರೆಗ್ಯುಲರ್‌ನಲ್ಲಿ 14,000ದಲ್ಲಿ 10,000 ಕಳೆದು 4,000 ಕಟ್ಟಬೇಕು. ಖರೀದಿ, ತೆರಿಗೆ ಹೋಗಿ ಕೈಯಲ್ಲಿ 80,000 ಉಳಿಯುತ್ತದೆ. ಕಾಂಪೋಸಿಷನ್‌ನಲ್ಲಿ ಅದೇ ಬೆಲೆಗೆ, ಅಂದರೆ 2,94,000ಕ್ಕೆ ಮಾರಿದರೆ ತೆರಿಗೆ 2,940, ಕೈಯಲ್ಲಿ ಉಳಿಯುವುದು 81,060. ಇಲ್ಲಿ ಕಾಂಪೋಸಿಷನ್ ಸ್ವಲ್ಪ ಮುಂದೆ.

ಈಗ ಬಾಡಿಗೆ ಸೇರಿಸಿ. ಮಳಿಗೆ ಮಾಲೀಕರು ಜಿಎಸ್‌ಟಿ ನಂಬರ್ ಇರುವವರು, ಬಾಡಿಗೆ 30,000, ಮೇಲೆ ಶೇ 18 ಅಂದರೆ 5,400. ರೆಗ್ಯುಲರ್‌ನವರು ಅದನ್ನೂ ಕಳೆಯಬಹುದು. ಆಗ ಆ ತಿಂಗಳು ಕಟ್ಟುವುದು ಏನೂ ಇಲ್ಲ, 1,400 ಮುಂದಿನ ತಿಂಗಳಿಗೆ ಜಮೆ ಇರುತ್ತದೆ. ಕಾಂಪೋಸಿಷನ್‌ನವರಿಗೆ ಆ 5,400 ಸುಮ್ಮನೆ ಖರ್ಚು, ಮೇಲೆ 2,940 ಕಟ್ಟಲೇಬೇಕು. ಲೆಕ್ಕ ಪೂರ್ತಿ ತಿರುಗಿತು ನೋಡಿ. ಹಾಗಾಗಿ ಪಕ್ಕದ ಅಂಗಡಿಯವರು ಏನು ತೆಗೆದುಕೊಂಡರು ಅಂತ ನೋಡಿ ನೀವೂ ಅದನ್ನೇ ತೆಗೆದುಕೊಳ್ಳಬೇಡಿ.

ಮಾಲೀಕರಿಗೆ ನಂಬರ್ ಇಲ್ಲದಿದ್ದರೆ? 2024ರ ಅಕ್ಟೋಬರ್‌ನಿಂದ ಅಂಥ ಮಳಿಗೆಯ ಬಾಡಿಗೆಗೆ ರೆಗ್ಯುಲರ್ ಬಾಡಿಗೆದಾರರೇ ಶೇ 18 ತೆರಿಗೆಯನ್ನು ನಗದಾಗಿ ಕಟ್ಟಬೇಕು, ಆಮೇಲೆ ಅದನ್ನು ಇನ್‌ಪುಟ್ ಆಗಿ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಮೊತ್ತವಾಗಿ, ತೆಗೆದುಕೊಳ್ಳಬಹುದು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ನಿಮ್ಮ ಆಡಿಟರ್ ಹತ್ತಿರ ಈ ಪ್ರಶ್ನೆ ತಪ್ಪದೆ ಕೇಳಿ.

ದರ ಮತ್ತು ಬಿಲ್

2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರ ದರಗಳಲ್ಲಿದ್ದ ಬಹುತೇಕ ಸರಕು ಬೇರೆ ದರಕ್ಕೆ ಹೋದವು. ಈಗ ಮುಖ್ಯವಾಗಿ ಶೇ 5 ಮತ್ತು 18, ಕೆಲವಕ್ಕೆ 40. ಕೇಕ್, ಬಿಸ್ಕತ್ತು 18ರಿಂದ 5ಕ್ಕೆ ಇಳಿದಿವೆ. ಬ್ರೆಡ್‌ಗೆ ತೆರಿಗೆ ಇಲ್ಲ. ಸ್ಟೇಷನರಿ ಅಂಗಡಿಯಲ್ಲಿ ನೋಟ್‌ಬುಕ್, ಪೆನ್ಸಿಲ್‌ಗೆ ಇಲ್ಲ, ಪೆನ್ನಿಗೆ 18. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದರೆ ಪ್ರತಿ ಐಟಂನ ದರ ಒಮ್ಮೆ ತೆರೆದು ನೋಡಿ.

ರಾಜ್ಯದೊಳಗೆ ಮಾರಿದರೆ ತೆರಿಗೆ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಶೇ 18 ಅಂದರೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9. ಹೊಸೂರಿನ ಅಂಗಡಿಗೆ ಸರಕು ಕಳಿಸಿದರೆ ಅದು ತಮಿಳುನಾಡು, ಆಗ ಪೂರ್ತಿ 18 ಐಜಿಎಸ್‌ಟಿ.

ತೆರಿಗೆ ಸೇರಿಸಿಯೇ ಬೆಲೆ ಹೇಳುವವರು ಜಾಸ್ತಿ ತಪ್ಪುವುದು ಇಲ್ಲಿ. 590 ರೂಪಾಯಿಯ ಸಾಮಾನು, ದರ ಶೇ 18. ನೇರವಾಗಿ 590ಕ್ಕೆ 18 ಹಾಕಿದರೆ 106.20 ಬರುತ್ತದೆ, ಅದು ತಪ್ಪು. 590ನ್ನು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು. ಬರುವುದು 90. ಸರಕಿನ ಬೆಲೆ 500. ಶೇ 5 ಆದರೆ 105ರಿಂದ ಭಾಗಿಸಿ. ಎಂಆರ್‌ಪಿ ಇರುವ ಸಾಮಾನಿಗೂ ಇದೇ ಸೂತ್ರ, ಯಾಕೆಂದರೆ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ಇನ್ನು ಇನ್‌ಪುಟ್. ಕಚ್ಚಾ ಬಿಲ್‌ನಲ್ಲಿ ಸರಕು ತಂದರೆ ಒಂದು ರೂಪಾಯಿಯೂ ಕಳೆಯಲು ಬರುವುದಿಲ್ಲ. ಪಕ್ಕಾ ಬಿಲ್ ಇದ್ದರೂ ಸಾಲದು, ಮಾರಿದವರು ತಮ್ಮ ರಿಟರ್ನ್ಸ್‌ನಲ್ಲಿ (ಪೋರ್ಟಲ್‌ನಲ್ಲಿ ಸಲ್ಲಿಸುವ ಲೆಕ್ಕದಲ್ಲಿ) ಅದನ್ನು ತೋರಿಸಿರಬೇಕು. ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ, ಅಂದರೆ ನಿಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ, ಬರುತ್ತದೆ, ನಿಮ್ಮ ಖರೀದಿ ಬಿಲ್‌ಗಳನ್ನು ಅದರ ಪಕ್ಕದಲ್ಲಿಟ್ಟು ಟಿಕ್ ಹಾಕಿ. ಕಾಣದ ಬಿಲ್ ಇದ್ದರೆ ಅದೇ ದಿನ ಹೋಲ್‌ಸೇಲ್‌ನವರಿಗೆ ಫೋನ್ ಮಾಡಿ.

ರಿಟರ್ನ್ಸ್

ರೆಗ್ಯುಲರ್‌ನವರು ತಿಂಗಳು ತಿಂಗಳು ಹಾಕುವುದಾದರೆ ಮುಂದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್). ವರ್ಷದ ವಹಿವಾಟು 5 ಕೋಟಿ ಒಳಗಿರುವವರು ಮೂರು ತಿಂಗಳಿಗೊಮ್ಮೆ ಹಾಕಬಹುದು, ಆದರೆ ಮೊದಲೆರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಚಲನ್‌ನಲ್ಲಿ ಕಟ್ಟುತ್ತಿರಬೇಕು. ಕಾಂಪೋಸಿಷನ್‌ನವರಿಗೆ ಮೂರು ತಿಂಗಳು ಮುಗಿದ ಮೇಲೆ 18ರೊಳಗೆ ಸಿಎಂಪಿ-08 ಅನ್ನುವ ತೆರಿಗೆ ಕಟ್ಟುವ ಫಾರ್ಮ್.

ವ್ಯಾಪಾರವೇ ಆಗದಿದ್ದರೂ ರೆಗ್ಯುಲರ್‌ನವರು ನಿಲ್ ರಿಟರ್ನ್ ಹಾಕಲೇಬೇಕು. ತಡವಾದರೆ 3ಬಿಗೆ ದಿನಕ್ಕೆ 50 ರೂಪಾಯಿ, ನಿಲ್ ಆದರೆ 20. ತೆರಿಗೆ ಬಾಕಿ ಇದ್ದರೆ ಅದಕ್ಕೆ ವರ್ಷಕ್ಕೆ ಶೇ 18 ಬಡ್ಡಿ ಬೇರೆ.

ಅಂಗಡಿ ಮುಚ್ಚಿ ಊರಿಗೆ ಹೋಗುವವರೂ ಶಟರ್ ಎಳೆದು ಹಾಗೇ ಹೋಗಬೇಡಿ. ಪೋರ್ಟಲ್‌ನಲ್ಲಿ ನೋಂದಣಿ ರದ್ದತಿಗೆ ಅರ್ಜಿ ಹಾಕಿ. ರೆಗ್ಯುಲರ್ ಆಗಿದ್ದರೆ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಆದ ಜಿಎಸ್‌ಟಿಆರ್-10 ಸಲ್ಲಿಸಿ.