ಅಪ್ಪನ ಜಾಬ್ ಕಾರ್ಡು, ಮಗನ ಕೂಲಿ

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಡಾಟಾ ಎಂಟ್ರಿ ಆಪರೇಟರ್. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದ ಹುಡುಗರು ಹಾಸ್ಟೆಲಿನ ಕ್ವಾರಂಟೈನ್ ಮುಗಿಸಿ ಊರು ಸೇರಿದಾಗ, ಹೋಟೆಲು, ಟ್ಯಾಕ್ಸಿ ಎಂದು ದುಡಿದವರು ಮಣ್ಣು ಹೊರುವುದುಂಟೇ ಎಂದುಕೊಂಡು, ನರೇಗಾ (ಉದ್ಯೋಗ ಖಾತ್ರಿ) ಕೆಲಸಕ್ಕೆ ಅವರ ಮನೆಯ ಹಿರಿಯರಿಂದಷ್ಟೇ ನಮೂನೆ 6, ಅಂದರೆ ಕೆಲಸ ಕೇಳುವ ಅರ್ಜಿ, ಬರೆಸಿಕೊಂಡೆ. ಅದು ನನ್ನ ತಪ್ಪು.

ಒಂದು ದಿನ ಕಚೇರಿಯ ಕಿಟಕಿಯ ಹೊರಗಿನಿಂದಲೇ ಒಬ್ಬ ಹುಡುಗ, "ಅಣ್ಣ, ಅಪ್ಪನ ಕಾರ್ಡಲ್ಲಿ ನನ್ನೆಸ್ರೇ ಇಲ್ವಂತಲ್ಲ, ನಾನು ಈ ಊರೋನಲ್ವಾ?" ಎಂದು ಕೇಳಿದ. ವಹಿ ತೆಗೆದು ನೋಡಿದರೆ, ಕುಟುಂಬದ ಜಾಬ್ ಕಾರ್ಡು ಮಾಡಿಸಿದಾಗ ಅವನಿಗೆ 18 ತುಂಬಿರಲಿಲ್ಲ. ತುಂಬಿದ ಮೇಲೆ ಅವನು ಊರಲ್ಲಿರಲಿಲ್ಲ. ಅಂಥವರು ಬೀದಿಗೆ ನಾಲ್ಕಾರು ಮಂದಿ ಸಿಕ್ಕರು. ಪಂಚಾಯಿತಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದ ಕಾಲ ಅದು. ಡಿಸೆಂಬರಿನ ಚುನಾವಣೆಯವರೆಗೂ ಕೇರಿಯ ಮಾತನ್ನು ಕಚೇರಿಗೆ ತರುವವರಿರಲಿಲ್ಲವಾದ್ದರಿಂದ, ಅರ್ಜಿಗಳನ್ನು ನಾನೇ ಹೊತ್ತು ಮನೆಮನೆಗೆ ಹೋದೆ.

ಹೆಸರು ಸೇರಿಸಿದರಷ್ಟೇ ಸಾಲದು. ಆಗ ವರ್ಷದ 100 ದಿನ ಇಡೀ ಕುಟುಂಬದ ಲೆಕ್ಕವಾಗಿತ್ತು. ಆ ವರ್ಷದ ದಿನಗೂಲಿ 275 ರೂಪಾಯಿಯಂತೆ ಒಟ್ಟು 27,500. ಅಪ್ಪ, ಅವ್ವ, ಮಗ ಮೂವರೂ ಹಾರೆ ಹಿಡಿದರೆ ತಿಂಗಳೊಪ್ಪತ್ತಿನಲ್ಲಿ ಕಾರ್ಡು ಖಾಲಿ. ಆದ್ದರಿಂದ ಮದುವೆಯಾಗಿ ಬೇರೆ ಒಲೆ ಹೂಡಿದವರನ್ನು ಗುರುತಿಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ತೋರಿಸಿ, ಪ್ರತ್ಯೇಕ ಕಾರ್ಡು ಮಾಡಿಸಿದೆವು. ಮದುವೆಯಾಗದವರಿಗೆ ಆ ದಾರಿ ಇರಲಿಲ್ಲ.

ಕೂಲಿ ಬೀಳುವಾಗ ಇನ್ನೊಂದು ತೊಡಕು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಒಬ್ಬನ ವಾರದ ಕೂಲಿ ಅವನು ಮರೆತೇಬಿಟ್ಟಿದ್ದ ಮುಂಬೈ ಖಾತೆಗೆ ಬಿದ್ದು, ಬ್ಯಾಂಕಿನ ಹಳೆಯ ದಂಡದ ಬಾಕಿಗೆ ಬಹುಪಾಲು ವಜಾ ಆಯಿತು. ಬದು ಹಾಕಿ ಬೊಬ್ಬೆ ಎದ್ದಿದ್ದ ಅಂಗೈಯಲ್ಲೇ ಮೊಬೈಲ್ ಹಿಡಿದು ಆ ಮೆಸೇಜು ತೋರಿಸಿದ. ಅಲ್ಲಿಂದಾಚೆ, ಊರಿನ ಬ್ಯಾಂಕಿನಲ್ಲಿ ಜೋಡಣೆ ಆಗಿದೆಯೆಂದು ಖಾತ್ರಿಯಾಗದೆ ಯಾರ ಹೆಸರನ್ನೂ ಎನ್‌ಎಂಆರ್‌ಗೆ (ಕೂಲಿಕಾರರ ಹಾಜರಿ ಪಟ್ಟಿಗೆ) ಏರಿಸಲಿಲ್ಲ; ಇದರಿಂದ ಕೆಲವರಿಗೆ ಒಂದು ವಾರ ತಡವಾಗಿ ಬೈಗುಳವನ್ನೂ ತಿಂದೆ.

ಕೂಲಿ ಮಾಡಿದ ಕೆಲಸದ ಅಳತೆಯ ಮೇಲಾದ್ದರಿಂದ ಹೊಸಬರ ಗುಂಪಿಗೆ ಮೊದಲ ವಾರ 275 ದಕ್ಕಲಿಲ್ಲ. ಹಳೆಯ ಕೂಲಿಕಾರ ಹೆಂಗಸರ ಜೊತೆ ಅವರನ್ನು ಬೆರೆಸಿದ ಮೇಲೆ ಅಳತೆ ಸರಿಹೋಯಿತು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಕಾಯಕ ಬಂಧುಗಳಾಗಿ, ಅಂದರೆ ಕೂಲಿಕಾರರ ಗುಂಪಿನ ಮೇಟಿಗಳಾಗಿ, ಹಾಜರಿ ಬರೆದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವರು ಮಾತ್ರ, ನಾನು ಎರಡು ಸಲ ಹೋಗಿ ಕರೆದರೂ, ಬದುವಿನ ಕಡೆ ಬರಲಿಲ್ಲ.