ಜರ್ಮನಿಯಲ್ಲಿ ಓದುವಾಗ ಜರ್ಮನಿಯನ್ನೂ ಓದಿ

ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೋಗುವ ನಮ್ಮವರು ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡನ್ನು ಮೊದಲೇ ಇಡಬೇಕಾದ ಖಾತೆ), ವೀಸಾ, ರೂಮು ಎಲ್ಲವನ್ನೂ ವಿಚಾರಿಸಿಕೊಂಡೇ ವಿಮಾನ ಹತ್ತುತ್ತಾರೆ. ಆಮೇಲೆ ಲ್ಯಾಬು, ಪರೀಕ್ಷೆ, ಪಾರ್ಟ್‌ಟೈಮ್ ಕೆಲಸ, ರಜೆ ಬಂದರೆ ನಮ್ಮವರ ಜೊತೆಗೇ ಬಿಸಿಬೇಳೆಬಾತ್. ಡಿಗ್ರಿ ಕೈಗೆ ಬಂದಿರುತ್ತದೆ, ಆದರೆ ಆ ದೇಶ ಹೇಗೆ ನಡೆಯುತ್ತದೆ ಅಂತ ಕೇಳಿದರೆ ಹೇಳೋಕೆ ಏನೂ ಇರುವುದಿಲ್ಲ. ನನಗೆ ಇದು ದೊಡ್ಡ ನಷ್ಟ ಅನಿಸುತ್ತದೆ. ಇದಕ್ಕೆ ಅರ್ಥಶಾಸ್ತ್ರದ ಕ್ಲಾಸ್ ಬೇಕಾಗಿಲ್ಲ. ದಿನಾ ನಿಮ್ಮ ಕೈಗೆ ಬರುವ ಬಿಲ್ಲು, ಫಾರಮ್ಮು, ಸಂಬಳದ ಚೀಟಿ ಸಾಕು. ಅವನ್ನು ಎಸೆಯಬೇಡಿ, ಪಕ್ಕದಲ್ಲಿರುವ ಜರ್ಮನ್ನರಿಗೆ ತೋರಿಸಿ "ಇದು ಯಾಕೆ ಹೀಗೆ?" ಅಂತ ಕೇಳಿ.

ಸೂಪರ್‌ಮಾರ್ಕೆಟ್ ಬಿಲ್ಲಿನಿಂದ ಶುರು ಮಾಡಿ. ಕೆಳಗೆ ಎರಡು ಥರದ ತೆರಿಗೆ ಕಾಣುತ್ತದೆ, ಶೇ. 7 ಮತ್ತು ಶೇ. 19. ಹಸುವಿನ ಹಾಲಿಗೆ 7, ಓಟ್ಸ್ ಹಾಲಿಗೆ 19. ಕಾನೂನಿನ ಲೆಕ್ಕದಲ್ಲಿ ಒಂದು ದಿನಬಳಕೆಯ ಆಹಾರ, ಇನ್ನೊಂದು ಬರೀ ಪಾನೀಯ. ಹಾಸ್ಟೆಲ್ ಅಡುಗೆಮನೆಯಲ್ಲಿ ಈ ಮಾತು ಎತ್ತಿ ನೋಡಿ, ರೈತರು, ಪರಿಸರ, ವೀಗನ್‌ಗಳು ಅಂತ ಅರ್ಧ ಗಂಟೆ ಚರ್ಚೆ ಗ್ಯಾರಂಟಿ.

ಅದೇ ಬಿಲ್ಲಿನಲ್ಲಿ ಬಾಟಲಿಯ ಠೇವಣಿಯೂ ಇರುತ್ತದೆ. ಅಲ್ಲಿ ಅದಕ್ಕೆ ಫಾಂಡ್ ಅನ್ನುತ್ತಾರೆ. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನಿಗೆ 25 ಸೆಂಟ್, ಬಿಯರ್ ಬಾಟಲಿಗೆ 8 ಸೆಂಟ್. ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್ನಿಗೆ ಹಾಕಿದರೆ ದುಡ್ಡು ವಾಪಸ್. ಇಷ್ಟನ್ನು ಎಲ್ಲರೂ ಮೊದಲ ವಾರವೇ ಕಲಿಯುತ್ತಾರೆ. ಆದರೆ ಸ್ವಲ್ಪ ನಿಂತು ನೋಡಿ. ರೈಲ್ವೆ ಸ್ಟೇಷನ್ನಿನಲ್ಲಿ, ಪಾರ್ಕುಗಳಲ್ಲಿ ಬಾಟಲಿ ಆರಿಸುವವರಲ್ಲಿ ವಯಸ್ಸಾದವರೂ ಇರುತ್ತಾರೆ, ಪಿಂಚಣಿ ಸಾಲದೆ ಬಂದವರು. ಅವರು ಕಸದೊಳಗೆ ಕೈ ಹಾಕಬೇಕಾಗಬಾರದು ಅಂತ ಎಷ್ಟೋ ಜನ ಬಾಟಲಿಯನ್ನು ಡಬ್ಬದ ಪಕ್ಕದಲ್ಲೇ ಇಟ್ಟು ಹೋಗುತ್ತಾರೆ. ಶ್ರೀಮಂತ ದೇಶದ ಬಡತನ, ಅಲ್ಲಿನವರ ಮರ್ಯಾದೆ ಎರಡೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ನೀವೂ ಪಕ್ಕದಲ್ಲೇ ಇಡಿ.

ಆಮೇಲೆ ಸಂಬಳದ ಚೀಟಿ. ಓದುತ್ತಾ ಕಂಪನಿಯಲ್ಲಿ ಕೆಲಸ ಸಿಕ್ಕರೆ ಪಿಂಚಣಿ ವಿಮೆ ಅಂತ ಸಾಮಾನ್ಯವಾಗಿ ಶೇ. 9.3 ಕತ್ತರಿಸಿರುತ್ತಾರೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಈ ವಿಮೆಗಳ ಕಥೆ 1883ರಲ್ಲಿ ಆಗಿನ ಚಾನ್ಸಲರ್ ಬಿಸ್ಮಾರ್ಕ್ ತಂದ ಆರೋಗ್ಯ ವಿಮೆಯಿಂದ ಶುರುವಾಗುತ್ತದೆ. ಕನಿಷ್ಠ ಕೂಲಿ ಮಾತ್ರ ತೀರಾ ಹೊಸದು. ಅದು ಬಂದಿದ್ದು 2015ರಲ್ಲಿ, ಗಂಟೆಗೆ 8.50 ಯೂರೊ. 2025ರಲ್ಲಿ 12.82 ಆಯಿತು. ಅಷ್ಟು ವರ್ಷ ಯಾಕೆ ಇರಲಿಲ್ಲ ಅಂತ ಕೇಳಿದರೆ ಕೂಲಿಯನ್ನು ಕಾರ್ಮಿಕ ಸಂಘಗಳ ಒಪ್ಪಂದಗಳಲ್ಲೇ ನಿಗದಿ ಮಾಡುತ್ತಿದ್ದ ವಿಷಯಕ್ಕೆ ಬರುತ್ತೀರಿ. ಎರಡು ಸಾವಿರಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸೀಟು ಕೆಲಸಗಾರರ ಕಡೆಯವರಿಗೆ ಕೊಡಬೇಕು, 1976ರ ಕಾನೂನು ಅದು. ನೀವು ಕೆಲಸ ಮಾಡುವ ಕಡೆ ನೌಕರರೇ ಆರಿಸಿದ ನೌಕರರ ಮಂಡಳಿ ಇದೆಯಾ ಕೇಳಿ, ಇದ್ದರೆ ಅವರು ಎಲ್ಲ ನೌಕರರಿಗೂ ಕರೆಯುವ ಸಭೆಗೆ ಹೋಗಿ ಕೂತುಕೊಳ್ಳಿ.

ಇನ್ನೊಂದು ವಿಷಯ. ಜರ್ಮನಿಗೆ ಬಂದ ತಕ್ಷಣ ವಿಳಾಸ ನೋಂದಾಯಿಸುವ ಫಾರಮ್ಮಿನಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟಂಟ್ ಚರ್ಚಿನ ಸದಸ್ಯರಾದರೆ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9 ಚರ್ಚ್ ತೆರಿಗೆ ಬೀಳುತ್ತದೆ. ಸಂಬಳದಿಂದಲೇ ಹಿಡಿದು ಸರ್ಕಾರ ಚರ್ಚಿಗೆ ಕೊಡುತ್ತದೆ. ಮಂಗಳೂರು ಕಡೆಯ ನಮ್ಮ ಕ್ರೈಸ್ತ ಗೆಳೆಯರು ಇದನ್ನು ಮೊದಲೇ ತಿಳಿದಿರಬೇಕು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರ ವಿಶ್ರಾಂತಿಯ ದಿನ ಅಂತ 1919ರ ಸಂವಿಧಾನದಲ್ಲಿದ್ದ ಮಾತು ಈಗಿನ ಸಂವಿಧಾನಕ್ಕೂ ಬಂದಿದೆ. ಆ ದಿನ ಮನೆಯಲ್ಲಿ ಕೂರಬೇಡಿ, ದೇಶದ ಎಲ್ಲ ಲೋಕಲ್ ರೈಲು, ಬಸ್ಸಿಗೂ ನಡೆಯುವ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಲೋಕಲ್ ರೈಲು ಹತ್ತಿ. ಎಸೆನ್ ಊರಿನ ಜೋಲ್‌ಫರಾಯ್ನ್ ಕಲ್ಲಿದ್ದಲು ಗಣಿ ನೋಡಿ. ಅದು 1986ರಲ್ಲಿ ಮುಚ್ಚಿತು, 2001ರಿಂದ ವಿಶ್ವ ಪರಂಪರೆಯ ತಾಣ. ಅಲ್ಲೇ ಹತ್ತಿರದ ಬಾಟ್ರೊಪ್‌ನಲ್ಲಿ ದೇಶದ ಕೊನೆಯ ಕಪ್ಪು ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿತು. ಲೈಪ್‌ಸಿಗ್‌ನಲ್ಲಿ ಪೂರ್ವ ಜರ್ಮನಿಯ ಇತಿಹಾಸದ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ನೋಡಿದ ಮೇಲೆ ಆ ಕಡೆಯ ಅರವತ್ತು ದಾಟಿದವರು ಯಾರಾದರೂ ಪರಿಚಯವಾದರೆ, 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ನಿಮ್ಮೂರಿನ ಫ್ಯಾಕ್ಟರಿ ಏನಾಯಿತು ಅಂತ ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ, ಏಕೆಂದರೆ ಸರ್ಕಾರಿ ಕಾರ್ಖಾನೆಗಳನ್ನು ಮಾರಿ, ಮುಚ್ಚಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡ ಆ ಕಾಲದ ನೋವು ಇವತ್ತಿನ ಚುನಾವಣೆಗಳಲ್ಲೂ ಕಾಣುತ್ತದೆ.

ಸ್ಟುಟ್‌ಗಾರ್ಟ್ ಕಡೆ ಇದ್ದರೆ ನಮ್ಮ ನಂಟೂ ಸಿಗುತ್ತದೆ. ಆಡುಗೋಡಿಯಲ್ಲಿ ಹಳಬರು ಈಗಲೂ ಮೈಕೊ ಅನ್ನುವ ಬಾಷ್ ಕಂಪನಿಯ ಮುಖ್ಯ ಕಚೇರಿ ಪಕ್ಕದ ಗೆರ್ಲಿಂಗೆನ್‌ನಲ್ಲಿದೆ, ಅದರ ಷೇರುಗಳಲ್ಲಿ ಶೇ. 90ಕ್ಕೂ ಜಾಸ್ತಿ ಒಂದು ದತ್ತಿ ಸಂಸ್ಥೆಯದು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ.

ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಯಾವುದಾದರೂ ಸಂಘ ಸೇರಿ, ಅವರ ಭಾಷೆಯಲ್ಲಿ ಫೆರೈನ್. ಆರು ಲಕ್ಷದಷ್ಟು ನೋಂದಾಯಿತ ಸಂಘಗಳಿವೆ: ಫುಟ್‌ಬಾಲ್, ಹಾಡು, ಚೆಸ್, ತೋಟಗಾರಿಕೆ. ವರ್ಷದ ಸಭೆಗೆ ತಪ್ಪದೆ ಹೋಗಿ. ಖಜಾಂಚಿ ಪೈಸೆ ಪೈಸೆ ಲೆಕ್ಕ ಓದುತ್ತಾರೆ, ಸದಸ್ಯರಲ್ಲೇ ಆರಿಸಿದ ಲೆಕ್ಕ ಪರಿಶೋಧಕರು ಸರಿಯಿದೆ ಅಂತ ಹೇಳಿದ ಮೇಲೆ ಕೈ ಎತ್ತಿ ಒಪ್ಪಿಗೆ. ದುಡ್ಡು, ನಿಯಮ, ನಂಬಿಕೆ ಮೂರನ್ನೂ ಆ ಜನ ಹೇಗೆ ನೋಡುತ್ತಾರೆ ಅನ್ನುವುದು ಅಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಭಾಷೆ ಕಷ್ಟ, ನಿಜ. ಜರ್ಮನ್ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯವರ ನಿಧಾನವಾಗಿ ಓದುವ ಸುದ್ದಿ ಕೇಳಿ, ಆಮೇಲೆ ರಾತ್ರಿ ಎಂಟಕ್ಕೆ ಟಿವಿಯ ಸುದ್ದಿ ಟಾಗೆಸ್‌ಶೌ ನೋಡಿ. ಹೇಗೂ ಮನೆಗೆ ತಿಂಗಳಿಗೆ 18.36 ಯೂರೊ ಟಿವಿ, ರೇಡಿಯೊ ಶುಲ್ಕ ಕಟ್ಟುತ್ತೀರಲ್ವಾ. ಸಹಪಾಠಿ ಕ್ರಿಸ್‌ಮಸ್‌ಗೆ ಮನೆಗೆ ಕರೆದರೆ ಹೋಗಿಬನ್ನಿ. ಹೇಳಿದ ಸಮಯಕ್ಕೆ ತಲುಪಿ, ಮಾಂಸ ತಿನ್ನದಿದ್ದರೆ ವಾರ ಮೊದಲೇ ತಿಳಿಸಿ, ಊಟ ಮುಗಿದ ಮೇಲೆ ಅವರ ಅಪ್ಪ ಅಮ್ಮನಿಗೆ ಮೊದಲ ಕೆಲಸ ಯಾವುದು, ಆಗ ಬಾಡಿಗೆ ಎಷ್ಟಿತ್ತು ಅಂತ ಕೇಳಿ. ಈಗಿನ ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ.