‘ಚೆನ್ನಾಗಿದೆಯಾ?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಚಾರ್ಟ್ ಬಿಡಿಸುವ ಸಾಫ್ಟ್‌ವೇರ್ ತೆರೆಯುವ ಮೊದಲೇ ನಾನು ಕಾಗದದ ಮೇಲೆ ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ: ‘ಮಾರಾಟ ಯಾವ ತಿಂಗಳಿಂದ ಇಳಿಯಿತು?’ ಅನ್ನುವಂಥದ್ದು. ಎರಡನೇ ಪ್ರಶ್ನೆ ಹೊಳೆದರೆ ಅದಕ್ಕೆ ಬೇರೆಯೇ ಚಾರ್ಟ್.

ಆಮೇಲೆ ಅಂಕಿಗಳನ್ನೆಲ್ಲ ಬರೀ ಚುಕ್ಕೆಗಳಾಗಿ ಹಾಕಿ ನೋಡುತ್ತೇನೆ. ಸರಾಸರಿಯೊಂದನ್ನೇ ನಂಬಿದರೆ ಕೆಟ್ಟೆವು. ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೂಂಬ್ 1973ರಲ್ಲಿ ಪ್ರಕಟಿಸಿದ ನಾಲ್ಕು ಪಟ್ಟಿಗಳಲ್ಲಿ ತಲಾ 11 ಜೋಡಿ (ಎಕ್ಸ್, ವೈ) ಅಂಕಿಗಳಿವೆ. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5. ಬಿಡಿಸಿ ನೋಡಿದರೆ ಒಂದು ಕಮಾನಿನಂತೆ ಬಾಗುತ್ತದೆ, ಇನ್ನೊಂದರಲ್ಲಿ ಹತ್ತು ಚುಕ್ಕೆ ಒಂದರ ಮೇಲೊಂದು ನೆಟ್ಟಗೆ ನಿಂತು ಹನ್ನೊಂದನೆಯದು ದೂರ ಹೋಗಿ ಕೂರುತ್ತದೆ. ಹೊಸಬರು ಈ ನಾಲ್ಕನ್ನೂ ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಬಿಡಿಸಲಿ.

ಒಂದೇ ಅಳತೆಗೋಲಿನ ಮೇಲೆ ಚುಕ್ಕೆ ಎಲ್ಲಿದೆ ಎಂಬುದನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ, ಕೋನ ಮತ್ತು ವಿಸ್ತೀರ್ಣದಲ್ಲಿ ಎಡವುತ್ತದೆ. ಸಂಶೋಧಕರಾದ ಕ್ಲೀವ್‌ಲ್ಯಾಂಡ್, ಮೆಕ್‌ಗಿಲ್ 1984ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಆದ್ದರಿಂದ ಹೋಲಿಕೆಗೆ ನಾನು ವೃತ್ತವನ್ನು ಹೋಳು ಮಾಡಿ ತೋರಿಸುವ ಪೈ ಚಾರ್ಟ್ ಬಳಸುವುದಿಲ್ಲ. ಅಂಕಿಯನ್ನು ವೃತ್ತದ ಗಾತ್ರದಲ್ಲೇ ತೋರಿಸಬೇಕಾದರೆ, ಅಂಕಿ ಎರಡು ಪಟ್ಟಾದಾಗ ತ್ರಿಜ್ಯವನ್ನು 1.41 ಪಟ್ಟು ಮಾತ್ರ ಹಿಗ್ಗಿಸಬೇಕು. ತ್ರಿಜ್ಯವನ್ನೇ ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ.

ಕಂಬಗಳಿದ್ದರೆ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು, ಇದರಲ್ಲಿ ರಾಜಿಯಿಲ್ಲ. 82 ಮತ್ತು 85 ಎಂಬ ಎರಡು ಕಂಬಗಳನ್ನು 80ರಿಂದ ಶುರುಮಾಡಿ ನೋಡಿ: ಒಂದರ ಎತ್ತರ 2 ಮನೆ, ಇನ್ನೊಂದರದ್ದು 5 ಮನೆ. ಶೇ. 4ಕ್ಕೂ ಕಡಿಮೆಯಿರುವ ವ್ಯತ್ಯಾಸ ಕಣ್ಣಿಗೆ ಎರಡೂವರೆ ಪಟ್ಟು! ಗೆರೆ ಅಥವಾ ಚುಕ್ಕೆಗೆ ಈ ನಿಯಮವಿಲ್ಲ, ಅಲ್ಲಿ ಓದುಗ ನೋಡುವುದು ಏರಿಳಿತವನ್ನು, ಉದ್ದವನ್ನಲ್ಲ.

ಬಣ್ಣದ ಪರೀಕ್ಷೆ ಸುಲಭ: ಕಪ್ಪುಬಿಳುಪಿನಲ್ಲಿ ಮುದ್ರಿಸಿ. ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣವಾದರೆ ಬದಲಿಸಿ, ಇಲ್ಲವೇ ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ.

ಹೆಚ್ಚು ಹೊತ್ತು ಹಿಡಿಯುವುದು, ಹಿಡಿಯಬೇಕಾದ್ದು ಕೂಡ, ಕೊನೆಯ ಪರೀಕ್ಷೆ. ‘ಚೆನ್ನಾಗಿದೆಯಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಆ ಅಂಕಿಗಳನ್ನು ಹಿಂದೆ ನೋಡಿರದ ಐದು ಮಂದಿಗೆ ಚಾರ್ಟ್ ಕೊಟ್ಟು, ಮೊದಲು ಬರೆದಿಟ್ಟ ಆ ಪ್ರಶ್ನೆಯನ್ನೇ ಕೇಳುತ್ತೇನೆ. ಉತ್ತರ, ಹಿಡಿದ ಸೆಕೆಂಡು, ಬೆರಳು ಮೊದಲು ಹೋದ ಜಾಗ ಮೂರನ್ನೂ ಗುರುತು ಹಾಕುತ್ತೇನೆ, ನಡುವೆ ವಿವರಿಸುವುದಿಲ್ಲ. ಇಬ್ಬರು ಒಂದೇ ತಪ್ಪು ಮಾಡಿದರೆ ತಪ್ಪು ಚಾರ್ಟಿನದು. ಎರಡು ಮಾದರಿಗಳನ್ನು ಹೋಲಿಸುವಾಗ ಅರ್ಧ ಜನರಿಗೆ ಕ್ರಮ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಮೊದಲನೆಯದರಲ್ಲಿ ಉತ್ತರ ಕಲಿತವರು ಎರಡನೆಯದನ್ನು ಬೇಗ ಓದಿಬಿಡುತ್ತಾರೆ.